ಗೇಮ್ ಸಬ್‌ಸ್ಕ್ರಿಪ್ಶನ್‌ನಿಂದ ಮಾರಾಟಕ್ಕೆ ಏನಾಗುತ್ತದೆ, ಮಾಡಿದವರಿಗೆ ಏನು ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಗೇಮ್ ಆಡುವವರು, ಕಾಲೇಜು ಮುಗಿಸಿ ಗೇಮ್ ಮಾಡಲು ಕೂತವರು, ಗೇಮಿಂಗ್ ಪಾರ್ಲರ್ ಇಟ್ಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಬರುವ ಬೆಲೆಗಳ ಜೊತೆ ತಿಂಗಳು, ವರ್ಷ ಹಾಕಿದ್ದೇವೆ. ಈ ವ್ಯಾಪಾರದಲ್ಲಿ ದರ ಯಾವಾಗ ಬದಲಾಗುತ್ತದೋ ಹೇಳಲಾಗದು, ಆದ್ದರಿಂದ ಹಣ ಕಟ್ಟುವ ಮುಂಚೆ ಇವತ್ತಿನ ದರ ನೋಡಿಕೊಳ್ಳಿ.

ತಿಂಗಳಾ ರೊಕ್ಕಾ ಕಟ್ಟಿದ ಮ್ಯಾಲೆ ಗೇಮ್ ನಮ್ಮದ ಆತಲ್ರಿ?

ಇಲ್ಲ. ಖಾನಾವಳಿಯಲ್ಲಿ ತಿಂಗಳ ಊಟಕ್ಕೆ ಹಣ ಕಟ್ಟಿದರೆ ಆ ತಿಂಗಳು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬೇಕಾದಷ್ಟು ತಿನ್ನಬಹುದು, ಆದರೆ ತಾಟು ಮನೆಗೆ ಒಯ್ಯುವಂತಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಗೇಮ್ ಪಾಸ್, ಸೋನಿಯ ಪ್ಲೇಸ್ಟೇಷನ್‌ನ ಪಿಎಸ್ ಪ್ಲಸ್ ಎಕ್ಸ್‌ಟ್ರಾ, ಇಎ ಪ್ಲೇ, ಯೂಬಿಸಾಫ್ಟ್ ಪ್ಲಸ್, ಆಪಲ್ ಆರ್ಕೇಡ್, ಗೂಗಲ್ ಪ್ಲೇ ಪಾಸ್ ಎಲ್ಲವೂ ಇದೇ ಲೆಕ್ಕ. ಚಂದಾ ನಿಂತ ದಿನ ಗೇಮ್ ತೆರೆಯುವುದಿಲ್ಲ. ಚಂದಾ ನಡೆಯುತ್ತಿರುವಾಗಲೂ ಒಂದು ಗೇಮ್ ಪಟ್ಟಿಯಿಂದ ಹೊರಗೆ ಹೋಗಬಹುದು.

ಖಾನಾವಳಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ತಿಂಗಳ ಊಟದ ಮಾಲೀಕರಿಗೆ ಲಾಭ ಬರುವುದು ದಿನಾ ಎರಡು ಹೊತ್ತು ಬರುವವರಿಂದಲ್ಲ, ಹಣ ಕಟ್ಟಿ ಶನಿವಾರ ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಬರುವವರಿಂದ. ಗೇಮ್ ಚಂದಾ ನಡೆಯುವುದೂ ಹಾಗೆಯೇ. ಪರೀಕ್ಷೆ ಇದ್ದ ಎರಡು ತಿಂಗಳು ಆಡದೆ ಹಣ ಕಟ್ಟುವವರೇ ಅದರ ಬಂಡವಾಳ.

ಚಂದಾ ಪಟ್ಟಿಗೆ ಬಂದ ಗೇಮ್ ಬಿಡಿಯಾಗಿ ಮಾರಾಟ ಆಗೂದಿಲ್ಲೇನ್ರಿ?

ಅದೇ ವೇದಿಕೆಯಲ್ಲಿ (ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಪಿಸಿಯಂಥದು) ಕಡಿಮೆಯಾಗುತ್ತದೆ. ಇದನ್ನು ಒಪ್ಪಿಕೊಂಡದ್ದು ಚಂದಾ ನಡೆಸುವ ಕಂಪನಿಯೇ. ಕಾಲ್ ಆಫ್ ಡ್ಯೂಟಿ ಗೇಮ್‌ನ ಕಂಪನಿ ಆಕ್ಟಿವಿಷನ್ ಬ್ಲಿಜರ್ಡ್ ಖರೀದಿಯ ಸಮಯದಲ್ಲಿ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಸಂಸ್ಥೆಯ ಮುಂದೆ ಮೈಕ್ರೋಸಾಫ್ಟ್ ತನ್ನ ಒಳಗಿನ ವಿಶ್ಲೇಷಣೆಯನ್ನು ಇಟ್ಟಿತ್ತು. ಗೇಮ್ ಪಾಸ್‌ಗೆ ಸೇರಿದ ನಂತರದ 12 ತಿಂಗಳಲ್ಲಿ ಮೂಲ ಗೇಮಿನ ಮಾರಾಟ ಇಳಿಯುತ್ತದೆ ಎಂದು ಅದರಲ್ಲಿತ್ತು. 2023ರ ಫೆಬ್ರುವರಿಯಲ್ಲಿ ಹೊರಬಂದ ವರದಿಯಲ್ಲಿ ಎಷ್ಟು ಶೇಕಡಾ ಎಂಬುದನ್ನು ಮುಚ್ಚಿದ್ದರು. ಅದಕ್ಕೂ ಮುಂಚೆ ಹಲವು ವರ್ಷ ಚಂದಾದಿಂದ ಮಾರಾಟ ಹೆಚ್ಚುತ್ತದೆ ಎಂಬ ಮಾತೇ ಸಭೆಗಳಲ್ಲಿ ಕೇಳಿಬರುತ್ತಿತ್ತು. 2025ರಲ್ಲಿ ಉದ್ಯಮದ ಪತ್ರಕರ್ತ ಕ್ರಿಸ್ಟೋಫರ್ ಡ್ರಿಂಗ್, ಎಕ್ಸ್‌ಬಾಕ್ಸ್‌ನಲ್ಲಿ ನಿರೀಕ್ಷಿಸಿದ ಪೂರ್ಣ ಬೆಲೆಯ ಮಾರಾಟದಲ್ಲಿ ಶೇ. 80ರವರೆಗೂ ಖೋತಾ ಆಗಬಹುದು ಎಂದರು. ಅವರು ಇನ್ನೊಂದು ಮಾತೂ ಹೇಳಿದರು: ಅದೇ ಗೇಮ್ ಪ್ಲೇಸ್ಟೇಷನ್‌ನಲ್ಲಿ ಹೆಚ್ಚು ಮಾರಾಟವಾಗುವುದೂ ಉಂಟು.

ಹೀಗಾಗಲು ಕಾರಣ ಸರಳ. ಎಕ್ಸ್‌ಬಾಕ್ಸ್ ಇದ್ದವನು ಚಂದಾದಲ್ಲಿ ಆಡಿ ಗೆಳೆಯನಿಗೆ ಹೇಳುತ್ತಾನೆ. ಗೆಳೆಯನ ಮನೆಯಲ್ಲಿರುವುದು ಪಿಎಸ್5, ಅವನಿಗೆ ಕೊಳ್ಳದೆ ದಾರಿಯಿಲ್ಲ. ಹಾಗಾಗಿ ಒಂದೇ ವೇದಿಕೆಗೆ ಸೀಮಿತವಾದ ಗೇಮಿಗೆ ಚಂದಾದಿಂದ ಆಗುವ ನಷ್ಟ ಹೆಚ್ಚು, ನಾಲ್ಕು ಕಡೆ ಮಾರುವ ಗೇಮಿಗೆ ಕಡಿಮೆ.

ದೊಡ್ಡ ಗೇಮಿಗೂ ಈ ಪೆಟ್ಟು ತಪ್ಪಿಲ್ಲ. ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 6 ಹೊರಬಂದದ್ದು 2024ರ ಅಕ್ಟೋಬರ್ 25ರಂದು. ಆ ಸರಣಿಯಲ್ಲಿ ಮೊದಲ ದಿನವೇ ಗೇಮ್ ಪಾಸ್‌ಗೆ ಬಂದ ಮೊದಲ ಗೇಮ್ ಅದು. ಪ್ಲೇಸ್ಟೇಷನ್‌ನಲ್ಲಿ ಮತ್ತು ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಿಂದಿನ ವರ್ಷಕ್ಕಿಂತ ಶೇ. 60ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು ಎಂದು ಮೈಕ್ರೋಸಾಫ್ಟ್ ಹೇಳಿಕೊಂಡಿತು. ಚಂದಾಕ್ಕೆ ಹಾಕಿದ್ದರಿಂದ 30 ಕೋಟಿ ಡಾಲರ್‌ಗೂ ಹೆಚ್ಚು ಮಾರಾಟ ಕೈಬಿಟ್ಟಿತು ಎಂದು 2025ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಚಂದಾ ಇರುವ ಕಡೆ ಮಾರಾಟ ಬಿತ್ತು, ಇಲ್ಲದ ಕಡೆ ಏರಿತು. ಎರಡೂ ಒಟ್ಟಿಗೇ ನಿಜ.

ಹಂಗಾದ್ರ ಪಾಲ್‌ವರ್ಲ್ಡ್, ಕ್ಲೇರ್ ಆಬ್ಸ್ಕೂರ್ ಹೆಂಗ ಮಾರಾಟ ಆದವು?

ಎರಡೂ ಮೊದಲ ದಿನವೇ ಗೇಮ್ ಪಾಸ್‌ನಲ್ಲಿದ್ದವು. ಪಾಲ್‌ವರ್ಲ್ಡ್ 2024ರ ಜನವರಿ 19ರಂದು ಬಂದು ಸುಮಾರು ಒಂದು ತಿಂಗಳಲ್ಲಿ ಸ್ಟೀಮ್‌ನಲ್ಲಿ 1.5 ಕೋಟಿ ಪ್ರತಿ ಮಾರಿತು. ಎಕ್ಸ್‌ಬಾಕ್ಸ್ ಕಡೆ 1 ಕೋಟಿ ಆಟಗಾರರು ಸೇರಿದರು. ಕ್ಲೇರ್ ಆಬ್ಸ್ಕೂರ್: ಎಕ್ಸ್‌ಪೆಡಿಷನ್ 33 ಬಂದದ್ದು 2025ರ ಏಪ್ರಿಲ್ 24ರಂದು. ಮೂರು ದಿನದಲ್ಲಿ 10 ಲಕ್ಷ, 33 ದಿನದಲ್ಲಿ 33 ಲಕ್ಷ ಪ್ರತಿ ಹೋದವು.

ಇವೆರಡನ್ನು ತೋರಿಸಿ ಚಂದಾದಿಂದ ಮಾರಾಟಕ್ಕೆ ಏನೂ ಆಗುವುದಿಲ್ಲ ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಪಾಲ್‌ವರ್ಲ್ಡ್ ಗೆಳೆಯರು ಕೂಡಿ ಆಡುವ ಗೇಮ್. ಒಬ್ಬ ಚಂದಾದಲ್ಲಿ ಆಡಿದರೆ ಉಳಿದ ಮೂವರು ಹುಡುಕಿಕೊಂಡು ಬರುತ್ತಾರೆ. ಎಕ್ಸ್‌ಪೆಡಿಷನ್ 33ರ ಬೆಲೆ ಆ ಕಾಲದ ದೊಡ್ಡ ಗೇಮ್‌ಗಳಿಗಿಂತ ಕಡಿಮೆ, ಪ್ಲೇಸ್ಟೇಷನ್ ಮತ್ತು ಸ್ಟೀಮ್ ಎರಡೂ ಕಡೆ ಬಿಡಿ ಮಾರಾಟಕ್ಕಿತ್ತು. ಬಾಯಿಮಾತಿನ ಪ್ರಚಾರ ಹಣವಾಗಿ ಬದಲಾಗಲು ಕೊಳ್ಳುವ ಬಾಗಿಲು ಇನ್ನೊಂದು ಕಡೆ ತೆರೆದಿರಬೇಕು.

ಇದಕ್ಕೆ ತಿರುಗಾದ ಉದಾಹರಣೆ ಸಣ್ಣ, ಒಬ್ಬನೇ ಆಡುವ, ಕಥೆಯ ಗೇಮ್. 2023ರ ಜುಲೈನಲ್ಲಿ ಬಂದ ವೆಣ್ಬಾ ಕೆನಡಾದ ತಮಿಳು ಮನೆಯೊಂದರ ಅಡುಗೆಯ ಕಥೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಇಂಥ ಗೇಮನ್ನು ಚಂದಾದಲ್ಲಿ ಮುಗಿಸಿದವನಿಗೆ ಮತ್ತೆ ಕೊಳ್ಳಲು ಏನೂ ಉಳಿಯುವುದಿಲ್ಲ. ನಿಮ್ಮ ಗೇಮ್ ಎರಡು ತಾಸಿನದಾದರೆ ಚಂದಾದವರು ಕೊಡುವ ಮೊತ್ತವನ್ನೇ ಆ ವೇದಿಕೆಯ ಪೂರ್ತಿ ಆದಾಯ ಎಂದು ಹಿಡಿದುಕೊಂಡು ಮಾತಾಡಿ.

"30 ಲಕ್ಷ ಆಟಗಾರರು" ಅಂದರೆ 30 ಲಕ್ಷ ಪ್ರತಿ ಮಾರಿದಂತೆಯೇ?

ಅಲ್ಲ. ಹತ್ತು ನಿಮಿಷ ತೆರೆದು ಅಳಿಸಿ ಹಾಕಿದವನೂ ಒಬ್ಬ ಆಟಗಾರನೇ. ಔಟ್‌ರೈಡರ್ಸ್ 2021ರ ಏಪ್ರಿಲ್ 1ರಂದು ಮೊದಲ ದಿನವೇ ಗೇಮ್ ಪಾಸ್‌ಗೆ ಬಂತು, ಮೊದಲ ತಿಂಗಳಲ್ಲಿ 35 ಲಕ್ಷ ಆಟಗಾರರು ಎಂದು ಘೋಷಣೆಯಾಯಿತು. ಅದನ್ನು ಮಾಡಿದ ಪೋಲೆಂಡಿನ ಪೀಪಲ್ ಕ್ಯಾನ್ ಫ್ಲೈ ಅದೇ ವರ್ಷ ಆಗಸ್ಟ್‌ನಲ್ಲಿ, ಜೂನ್ ಕೊನೆಯವರೆಗಿನ ಅವಧಿಗೆ ಪಬ್ಲಿಷರ್‌ನಿಂದ (ಗೇಮಿಗೆ ಹಣ ಹಾಕಿ ಮಾರುವ ಕಂಪನಿ) ರಾಯಲ್ಟಿ ಬಂದಿಲ್ಲ ಎಂದು ಪ್ರಕಟಿಸಿತು. ಪಬ್ಲಿಷರ್ ತಾನು ಹಾಕಿದ ಖರ್ಚು ಮೊದಲು ಹಿಡಿದುಕೊಳ್ಳುತ್ತಾನೆ, ಆಮೇಲೆ ಉಳಿದರೆ ಪಾಲು.

ಹೈ-ಫೈ ರಶ್‌ನ ಕಥೆ ಇದಕ್ಕಿಂತ ಕಹಿ. 2023ರ ಜನವರಿ 25ರಂದು ಘೋಷಣೆಯ ದಿನವೇ ಬಂತು, 30 ಲಕ್ಷ ಆಟಗಾರರನ್ನು ದಾಟಿತು, ಎಲ್ಲರೂ ಹೊಗಳಿದರು. 2024ರ ಮೇ 7ರಂದು ಅದನ್ನು ಮಾಡಿದ ಟ್ಯಾಂಗೊ ಗೇಮ್‌ವರ್ಕ್ಸ್ ಮುಚ್ಚುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಅದೇ ಆಗಸ್ಟ್‌ನಲ್ಲಿ ಆ ಸ್ಟುಡಿಯೋದವರನ್ನು ಮತ್ತು ಹೈ-ಫೈ ರಶ್ ಹಕ್ಕನ್ನು ತೆಗೆದುಕೊಂಡದ್ದು ಕ್ರಾಫ್ಟನ್. ನಮ್ಮಲ್ಲಿ ಪ್ರತಿ ಓಣಿಯ ಹುಡುಗರೂ ಆಡುವ ಬಿಜಿಎಂಐ ಅದೇ ಕಂಪನಿಯದು.

ಮಾಡಿದವರಿಗೆ ಹಣ ಬರುವುದು ಹೇಗೆ?

ಹೊಲದ ಲೆಕ್ಕದಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಹೊಲವನ್ನು ಲಾವಣಿಗೆ ಹಾಕಬಹುದು: ಮಳೆ ಬರಲಿ ಬಿಡಲಿ, ವರ್ಷಕ್ಕೆ ಇಷ್ಟು ಎಂದು ಮೊದಲೇ ಮಾತಾಡಿದ ಹಣ ಬರುತ್ತದೆ. ಪಾಲಿಗೂ ಹಾಕಬಹುದು: ಬೆಳೆ ಬಂದರೆ ಹೆಚ್ಚು, ಬರದಿದ್ದರೆ ಇಬ್ಬರಿಗೂ ಇಲ್ಲ. ಗೇಮ್ ಚಂದಾ ಒಪ್ಪಂದಗಳೂ ಈ ಎರಡರ ನಡುವೆಯೇ ಇವೆ.

ಲಾವಣಿಯ ಮಾದರಿಯಲ್ಲಿ 12 ತಿಂಗಳೋ 24 ತಿಂಗಳೋ ಗೇಮ್ ಪಟ್ಟಿಯಲ್ಲಿರಲು ಒಂದೇ ಮೊತ್ತ ಗೊತ್ತುಪಡಿಸುತ್ತಾರೆ, ಸಾಮಾನ್ಯವಾಗಿ ಕಂತುಗಳಲ್ಲಿ ಕೊಡುತ್ತಾರೆ. ಗೇಮ್ ಇನ್ನೂ ತಯಾರಾಗುತ್ತಿದ್ದರೆ ಮೈಲಿಗಲ್ಲಿಗೆ ಒಂದು ಕಂತು. ಗೇಮ್ ಪಾಸ್‌ನಲ್ಲಿ ಕೆಲವರಿಗೆ ತಯಾರಿಕೆಯ ಪೂರ್ತಿ ಖರ್ಚು ಕೊಡುತ್ತೇವೆ, ಕೆಲವರಿಗೆ ಬಳಕೆ ನೋಡಿ ಕೊಡುತ್ತೇವೆ, ಒಂದೇ ಅಚ್ಚಿನ ಒಪ್ಪಂದ ಅಂತ ಇಲ್ಲ ಎಂಬರ್ಥದಲ್ಲಿ ಎಕ್ಸ್‌ಬಾಕ್ಸ್‌ನ ಅಂದಿನ ಮುಖ್ಯಸ್ಥ ಫಿಲ್ ಸ್ಪೆನ್ಸರ್ 2020ರಲ್ಲಿ ಹೇಳಿದ್ದರು. ಗೂಗಲ್ ಪ್ಲೇ ಪಾಸ್ ಪಾಲಿನ ಕಡೆಗೆ ವಾಲಿದ್ದು, ಬಳಕೆದಾರರು ನಿಮ್ಮ ಆ್ಯಪ್ ಅನ್ನು ಎಷ್ಟು ಬಳಸುತ್ತಾರೆ ಎಂಬುದರ ಮೇಲೆ ಹಣ. ಆಪಲ್ ಆರ್ಕೇಡ್ 2019ರಲ್ಲಿ ಶುರುವಾದಾಗ ತಯಾರಿಕೆಗೆ ಮುಂಗಡ ಕೊಟ್ಟು ಗೇಮ್ ಮಾಡಿಸಿತು. 2020ರ ಹೊತ್ತಿಗೆ ಜನರನ್ನು ಹಿಡಿದಿಡುವ ಗೇಮ್ ಬೇಕೆಂದು ಹೇಳಿ ಕೆಲವು ಒಪ್ಪಂದಗಳನ್ನು ರದ್ದುಮಾಡಿದ ವರದಿ ಬಂತು.

ಲಾವಣಿಯಲ್ಲಿ ತಪ್ಪುವುದು ಎಲ್ಲಿ? ಬೆಳೆ ಬಂಪರ್ ಬಂದಾಗ. ಆಡ್‌ವರ್ಲ್ಡ್: ಸೋಲ್‌ಸ್ಟಾರ್ಮ್ ಮಾಡಿದವರು ಪಿಎಸ್5ರ ಪ್ಲಸ್ ಪಟ್ಟಿಗೆ ಒಂದು ಮೊತ್ತಕ್ಕೆ ಒಪ್ಪಿದ್ದರು. ಆಗ ಪಿಎಸ್5 ಇದ್ದವರೇ ಕಡಿಮೆ, ಕಳೆದುಕೊಳ್ಳುವುದು ಹೆಚ್ಚೇನಿಲ್ಲ ಎಂಬ ಅಂದಾಜು. ಗೇಮ್ ತಡವಾಗಿ 2021ರ ಏಪ್ರಿಲ್‌ಗೆ ಬಂತು, ಅಷ್ಟರಲ್ಲಿ ಪಿಎಸ್5ಗಳು ಬಹಳ ಮನೆ ಸೇರಿದ್ದವು, 40 ಲಕ್ಷದ ಹತ್ತಿರ ಜನ ಬಿಟ್ಟಿಯಾಗಿ ಇಳಿಸಿಕೊಂಡರು. ತಮಗೆ ಅದು ಭಾರೀ ಹೊಡೆತ ಎಂದು ಅದರ ರೂವಾರಿ ಲಾರ್ನ್ ಲ್ಯಾನಿಂಗ್ ಹೇಳಿದ್ದಾರೆ. ಹಾಗಾಗಿ ಒಪ್ಪಂದದಲ್ಲಿ ಬಿಡುಗಡೆಯ ತಾರೀಖು ಜಾರಿದರೆ ಮೊತ್ತ ಮತ್ತೆ ಮಾತಾಡುವ ಷರತ್ತು ಹಾಕಿಸಿಕೊಳ್ಳಬೇಕು.

ಪಾಲಿನಲ್ಲಿ ತಪ್ಪುವುದು ಬೇರೆ ಕಡೆ. ತಾಸುಗಳ ಲೆಕ್ಕದಲ್ಲಿ ಹಣ ಬರುವುದಾದರೆ ಮೂರು ತಾಸಿನ ಒಳ್ಳೆಯ ಗೇಮಿಗಿಂತ ಮೂವತ್ತು ತಾಸು ಎಳೆದ ಸಾಧಾರಣ ಗೇಮಿಗೆ ಹೆಚ್ಚು ಸಿಗುತ್ತದೆ. ದಿನಾ ಲಾಗಿನ್ ಬಹುಮಾನ, ಬೇಡದ ಲೆವೆಲ್‌ಗಳು ಬರುವುದು ಇದರಿಂದಲೇ.

ದೊಡ್ಡ ಗೇಮ್‌ಗಳಿಗೆ ಎಷ್ಟು ಕೊಡುತ್ತಾರೆ?

ಒಪ್ಪಂದಗಳು ಗುಟ್ಟಿನವು, ಆದರೆ ನ್ಯಾಯಾಲಯದ ಕಾಗದಗಳಿಂದ ಸ್ವಲ್ಪ ಹೊರಬಿದ್ದಿದೆ. 2023ರ ಸೆಪ್ಟೆಂಬರ್‌ನಲ್ಲಿ ಸೋರಿದ ಮೈಕ್ರೋಸಾಫ್ಟ್‌ನ 2022ರ ಮೇ ತಿಂಗಳ ಮೇಲ್‌ನಲ್ಲಿ ಯಾವ ಗೇಮ್ ಮೊದಲ ದಿನವೇ ತರಲು ಎಷ್ಟಾಗಬಹುದು ಎಂಬ ಅಂದಾಜುಗಳಿದ್ದವು. ಸ್ಟಾರ್ ವಾರ್ಸ್ ಜೆಡೈ: ಸರ್ವೈವರ್‌ಗೆ 30 ಕೋಟಿ ಡಾಲರ್, ಮಾರ್ಟಲ್ ಕಾಂಬ್ಯಾಟ್ 1ಕ್ಕೆ 25 ಕೋಟಿ. ಬಾಲ್ಡರ್ಸ್ ಗೇಟ್ 3ಕ್ಕೆ? ಕೇವಲ 50 ಲಕ್ಷ ಡಾಲರ್. ಆ ಗೇಮ್ ಮುಂದೆ 1 ಕೋಟಿಗೂ ಹೆಚ್ಚು ಪ್ರತಿ ಮಾರಿತು, ಚಂದಾ ಪಟ್ಟಿಗಳಿಂದ ದೂರವೇ ಉಳಿಯಿತು. ಇವು ಅಂದಾಜುಗಳು ಮಾತ್ರ, ಕೊಟ್ಟ ಹಣವಲ್ಲ. ಆದರೂ ಒಂದು ವಿಷಯ ಗೊತ್ತಾಗುತ್ತದೆ: ಕೊಳ್ಳುವವರ ಅಂದಾಜೂ ಹತ್ತಾರು ಪಟ್ಟು ತಪ್ಪಬಹುದು. ಅವರು ಹೇಳಿದ ಮೊತ್ತವೇ ನಿಮ್ಮ ಗೇಮಿನ ಯೋಗ್ಯತೆ ಎಂದುಕೊಳ್ಳಬೇಡಿ.

ನಾವು ಮೂರು ಮಂದಿ ಅದೀವಿ. ಚಂದಾದವರು ಮೇಲ್ ಮಾಡ್ಯಾರ. ಎಷ್ಟ ಕೇಳಬೇಕ್ರಿ?

ಲೆಕ್ಕ ಹಾಕದೆ ಮೊತ್ತ ಹೇಳಬೇಡಿ. ಕೆಳಗಿನದು ಕಾಲ್ಪನಿಕ ಉದಾಹರಣೆ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಕೋಣೆ ಹಿಡಿದು 18 ತಿಂಗಳು ಕೆಲಸ ಮಾಡಿದ ಮೂವರ ತಂಡ ಎಂದುಕೊಳ್ಳಿ.

ಮೂವರಿಗೆ ತಲಾ ತಿಂಗಳಿಗೆ ₹35,000ದಂತೆ ₹18,90,000. ಬಾಡಿಗೆ, ಕರೆಂಟು, ನೆಟ್ ತಿಂಗಳಿಗೆ ₹12,000, ಒಟ್ಟು ₹2,16,000. ಮೂರು ಪಿಸಿ ತಲಾ ₹80,000ದಂತೆ ₹2,40,000. ಸಂಗೀತ, ಅನುವಾದ, ಪರೀಕ್ಷೆಗೆ ₹2,50,000. ಕೂಡಿದರೆ ₹25,96,000. ಸಂಬಳ ತೆಗೆದುಕೊಳ್ಳದೆ ಮನೆಯಲ್ಲಿ ಉಂಡು ಮಾಡಿದ್ದರೂ ಈ ಸಾಲನ್ನು ಬಿಡಬೇಡಿ. ನಮ್ಮ ಕಡೆಯ ತಂಡಗಳು ಮಾಡುವ ಮೊದಲ ತಪ್ಪು ಅದೇ.

ಈಗ ಒಂದು ಪ್ರತಿಯಿಂದ ಕೈಗೆಷ್ಟು? ₹400 ಬೆಲೆಯಲ್ಲಿ ಶೇ. 18 ಜಿಎಸ್‌ಟಿ ತೆಗೆದರೆ ₹339. ಸ್ಟೀಮ್‌ನ ಶೇ. 30 ಹೋದರೆ ₹237. ಅರ್ಧದಷ್ಟು ಪ್ರತಿ ಅರ್ಧ ಬೆಲೆಯ ಸೇಲ್‌ನಲ್ಲಿ ಹೋಗುತ್ತವೆ ಎಂದು ಹಿಡಿದರೆ ಸರಾಸರಿ ₹178. ಖರ್ಚು ಹುಟ್ಟಲು ಸುಮಾರು 14,600 ಪ್ರತಿ ಮಾರಬೇಕು. ಎರಡು ತಾಸಿಗಿಂತ ಕಡಿಮೆ ಆಡಿ 14 ದಿನದೊಳಗೆ ಹಿಂತಿರುಗಿಸುವವರನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಚಂದಾ ಇಲ್ಲದೆ 10,000 ಪ್ರತಿ ಹೋಗಬಹುದು ಎಂಬುದು ನಿಮ್ಮ ಅಂದಾಜು: ಚಂದಾ ಇರುವ ಅಂಗಡಿಯಲ್ಲಿ 4,000, ಉಳಿದ ಕಡೆ 6,000. ಒಟ್ಟು ₹17,80,000. ಅಂದರೆ ಚಂದಾ ಇಲ್ಲದಿದ್ದರೆ ₹8,16,000 ಕಡಿಮೆ ಬೀಳುತ್ತದೆ.

ಚಂದಾಕ್ಕೆ ಸೇರಿದರೆ ಆಗುವ ಹಾನಿ: ಆ ಅಂಗಡಿಯ ಮಾರಾಟದಲ್ಲಿ ಶೇ. 70 ಹೋಯಿತೆಂದರೆ ₹4,98,400. ಉಳಿದ ಕಡೆ ಶೇ. 10 ಹೋದರೆ ₹1,06,800. ಅವರ ಲಾಗಿನ್, ಅಚೀವ್‌ಮೆಂಟ್, ಕ್ಲೌಡ್ ಸೇವ್ ಜೋಡಿಸಲು ಒಬ್ಬ ಪ್ರೋಗ್ರಾಮರ್ ನಾಲ್ಕು ತಿಂಗಳು, ಮೇಲೆ ಪರೀಕ್ಷೆಯ ಖರ್ಚು ₹1,50,000, ಎರಡೂ ಸೇರಿ ₹2,90,000. ಈ ಮೂರನ್ನು ಕೂಡಿದರೆ ₹8,95,200. ಇದು ನಿಮ್ಮ ತಳ. ಇದಕ್ಕಿಂತ ಒಂದು ರೂಪಾಯಿ ಕಡಿಮೆ ಕೊಟ್ಟರೂ ಸೇರದಿರುವುದೇ ಲಾಭ. ಇದಕ್ಕೆ ಮೊದಲಿನ ಕೊರತೆ ₹8,16,000 ಸೇರಿಸಿದರೆ ₹17,11,200. ಅಷ್ಟು ಸಿಕ್ಕರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಡಾಲರಿಗೆ ₹85 ಹಿಡಿದರೆ 20,000 ಡಾಲರ್ ಆಸುಪಾಸು. ಮಾತು ಶುರು ಮಾಡುವುದು ಇದಕ್ಕಿಂತ ಮೇಲಿನಿಂದ.

ಒಂದು ಎಚ್ಚರಿಕೆ. ಅಮೆರಿಕದ ಕಂಪನಿ ಹಣ ಕಳಿಸುವಾಗ ರಾಯಲ್ಟಿ ಎಂದು ಪರಿಗಣಿಸಿದರೆ ಅಲ್ಲೇ ತೆರಿಗೆ ಹಿಡಿಯಬಹುದು. ಒಬ್ಬರ ಹೆಸರಿನಲ್ಲಿದ್ದರೆ ಡಬ್ಲ್ಯು-8ಬೆನ್, ಕಂಪನಿಯ ಹೆಸರಿನಲ್ಲಿದ್ದರೆ ಡಬ್ಲ್ಯು-8ಬೆನ್-ಇ ನಮೂನೆ ತುಂಬಿದರೆ ಭಾರತ-ಅಮೆರಿಕ ಒಪ್ಪಂದದ ಶೇ. 15ರ ದರ ಸಿಗುತ್ತದೆ. 20,000 ಡಾಲರ್‌ನಲ್ಲಿ 3,000 ಅಲ್ಲೇ ಉಳಿದರೆ ಮೇಲಿನ ಲೆಕ್ಕ ಅಷ್ಟಕ್ಕೆ ತಪ್ಪಿತು. ಇಲ್ಲಿ ರಿಟರ್ನ್ ತುಂಬುವಾಗ ಅದನ್ನು ವಜಾ ಕೇಳಬಹುದು, ಆದರೆ ಆ ವರ್ಷ ನಿಮಗೆ ಇಲ್ಲಿ ತೆರಿಗೆಯೇ ಬರದಿದ್ದರೆ ಕೇಳಿಯೂ ಉಪಯೋಗವಿಲ್ಲ. ಬ್ಯಾಂಕಿನಿಂದ ವಿದೇಶಿ ಹಣ ಬಂದ ಪತ್ರವನ್ನು ಪ್ರತಿ ಕಂತಿಗೂ ತೆಗೆದಿಡಿ. ಜಿಎಸ್‌ಟಿ ನೋಂದಣಿ ಇದ್ದರೆ ರಫ್ತಿಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿರಬೇಕು. ಸಿಎ ಹತ್ತಿರ ಮೊದಲ ಕಂತು ಬರುವ ಮುಂಚೆ ಹೋಗಿ, ಮಾರ್ಚ್ ಕೊನೆಗೆ ಅಲ್ಲ.

ಒಪ್ಪಂದದಲ್ಲಿ ಯಾವ ಸಾಲು ನೋಡಬೇಕು?

ಮೊತ್ತದ ಸಾಲನ್ನು ಎಲ್ಲರೂ ನೋಡುತ್ತಾರೆ. ಕಾಲು ಎಳೆಯುವುದು ಬೇರೆ ಸಾಲುಗಳು. ಪಟ್ಟಿಯಲ್ಲಿ ಎಷ್ಟು ತಿಂಗಳು, ಮುಂದುವರಿಸುವ ಹಕ್ಕು ಯಾರದು, ಅದಕ್ಕೆ ಹೊಸ ಹಣವೇ ಅಥವಾ ಹಳೆಯದರಲ್ಲೇ ಸೇರಿದೆಯೇ. ಬೇರೆ ಚಂದಾಕ್ಕೆ ಎಷ್ಟು ಕಾಲ ಕೊಡುವಂತಿಲ್ಲ. ಆ ಅವಧಿಯಲ್ಲಿ ಸ್ಟೀಮ್‌ನಲ್ಲಿ ಎಷ್ಟು ರಿಯಾಯಿತಿ ಕೊಡಬಹುದು. ಕೊನೆಯ ಕಂತು ಬಿಡುಗಡೆಗೋ, ಪ್ರಮಾಣಪರೀಕ್ಷೆ (ಬಿಡುಗಡೆಗೆ ಮುಂಚೆ ವೇದಿಕೆಯವರು ಗೇಮನ್ನು ತಪಾಸಣೆ ಮಾಡುವುದು) ಪಾಸಾದದ್ದಕ್ಕೋ. ಪ್ರಮಾಣಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಹೊಸ ಬಿಲ್ಡ್ (ಗೇಮಿನ ಓಡಿಸಬಹುದಾದ ಪ್ರತಿ) ಕಳಿಸಿ ಮತ್ತೆ ಸರದಿ ಕಾಯಬೇಕು. ಕಂಟ್ರೋಲರ್ ತಂತಿ ಕಿತ್ತಾಗ ಗೇಮ್ ತಾನಾಗಿ ನಿಲ್ಲುವುದಿಲ್ಲ, ಸ್ಲೀಪ್‌ನಿಂದ ಎದ್ದಾಗ ಲಾಗಿನ್ ಕಳೆದುಹೋಗುತ್ತದೆ: ಫೇಲಾಗುವುದು ಹೆಚ್ಚಾಗಿ ಇಂಥ ಸಣ್ಣ ಕಾರಣಕ್ಕೆ. ಬಿಡುಗಡೆಗೆ ಮುಂಚೆ ಕನಿಷ್ಠ ಆರು ವಾರ ಇದಕ್ಕೇ ಇಡಿ.

ಪಬ್ಲಿಷರ್ ನಡುವೆ ಇದ್ದರೆ ಇನ್ನೊಂದು: ಚಂದಾದ ಹಣ ಅವರ ಖರ್ಚಿಗೆ ಜಮೆಯಾಗುತ್ತದೋ, ನಿಮಗೆ ನೇರವಾಗಿ ಪಾಲು ಬರುತ್ತದೋ. ಇದು ಬರೆದಿರದಿದ್ದರೆ ಬರುವುದಿಲ್ಲ ಎಂದೇ ತಿಳಿಯಿರಿ.

ಮೊದಲ ದಿನವೇ ಸೇರಬೇಕೋ, ವರ್ಷದ ಮೇಲೋ?

ಖರ್ಚಿಗೆ ಹಣವೇ ಇಲ್ಲ, ಹೆಸರೂ ಇಲ್ಲ ಎಂದರೆ ಮೊದಲ ದಿನ. ಆಗ ಕೊಡುವ ಮೊತ್ತವೂ ಹೆಚ್ಚು. ಸ್ಟೀಮ್‌ನಲ್ಲಿ ವಿಶ್‌ಲಿಸ್ಟ್ (ಮುಂದೆ ಕೊಳ್ಳಬೇಕೆಂದು ಗುರುತು ಹಾಕಿಟ್ಟವರ ಸಂಖ್ಯೆ) ಚೆನ್ನಾಗಿ ಕೂಡಿದ್ದರೆ ಮೊದಲು ಪೂರ್ಣ ಬೆಲೆಗೆ ಮಾರಿ, ಮಾರಾಟ ತಣ್ಣಗಾದ ಒಂದು ವರ್ಷದ ಮೇಲೆ ಚಂದಾಕ್ಕೆ ಕೊಡಿ. ಆಗ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ, ಸಿಕ್ಕಿದ್ದೆಲ್ಲ ಹೆಚ್ಚಿನದು. ಸೋನಿ 2022ರಲ್ಲಿ ತನ್ನ ದೊಡ್ಡ ಗೇಮ್‌ಗಳನ್ನು ಮೊದಲ ದಿನವೇ ಪ್ಲಸ್‌ಗೆ ಹಾಕುವುದಿಲ್ಲ ಎಂದದ್ದು ಇದೇ ಲೆಕ್ಕದಿಂದ. ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಉಲ್ಟಾ ದಾರಿ ಹಿಡಿದು, ಸೀ ಆಫ್ ಥೀವ್ಸ್‌ನಿಂದ ಶುರುಮಾಡಿ ತನ್ನ ಗೇಮ್‌ಗಳನ್ನೆಲ್ಲ ಮೊದಲ ದಿನವೇ ಹಾಕತೊಡಗಿತು.

ಗೆಳೆಯರು ಕೂಡಿ ಆಡುವ ಗೇಮ್ ಇದಕ್ಕೆ ಹೊರತು. ಅಲ್ಲಿ ಜನ ಸೇರದಿದ್ದರೆ ಮ್ಯಾಚೇ ಸಿಗದು. ರಾಕೆಟ್ ಲೀಗ್ 2015ರಲ್ಲಿ, ಫಾಲ್ ಗೈಸ್ 2020ರಲ್ಲಿ ಪಿಎಸ್ ಪ್ಲಸ್‌ನಲ್ಲಿ ಬಿಟ್ಟಿ ಬಂದೇ ಎದ್ದವು. ಆಗ ಫಾಲ್ ಗೈಸ್ ಸ್ಟೀಮ್‌ನಲ್ಲಿ ಒಂದೇ ತಿಂಗಳಲ್ಲಿ 70 ಲಕ್ಷ ಪ್ರತಿ ಮಾರಿತು.

ಪೂರ್ತಿ ಚಂದಾವನ್ನೇ ನಂಬಿ ಸ್ಟುಡಿಯೋ ನಡೆಸಬಹುದೇ?

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರನ್ನು ಕೇಳಿ. ಒಂದೇ ಕಂಪನಿಗೆ ಜಾಬ್‌ವರ್ಕ್ ಮಾಡುವವರಿಗೆ ಆರ್ಡರ್ ಇರುವವರೆಗೆ ಚಿಂತೆಯಿಲ್ಲ, ಆ ಕಂಪನಿ ಡಿಸೈನ್ ಬದಲಿಸಿದ ದಿನ ಭಟ್ಟಿ ತಣ್ಣಗಾಗುತ್ತದೆ. ನೆಟ್ ಮೂಲಕ ಗೇಮ್ ಆಡಿಸುತ್ತಿದ್ದ ಗೂಗಲ್ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ನೆಟ್‌ಫ್ಲಿಕ್ಸ್ 2024ರಲ್ಲಿ ತನ್ನ ದೊಡ್ಡ ಗೇಮ್ ಸ್ಟುಡಿಯೋವನ್ನೇ ಮುಚ್ಚಿತು.

ಗೇಮ್ ಪಾಸ್ ದರ ಅಷ್ಟ್ಯಾಕ ಏರಿತು? ಈಗ ತಗೊಂಡ್ರ ಲಾಭ ಐತೇನು?

2025ರ ಅಕ್ಟೋಬರ್ 1ರಂದು ಗೇಮ್ ಪಾಸ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಅಲ್ಟಿಮೇಟ್ ದರ ಅಮೆರಿಕದಲ್ಲಿ 19.99 ಡಾಲರ್‌ನಿಂದ 29.99ಕ್ಕೆ, ನಮ್ಮಲ್ಲಿ ₹829ರಿಂದ ₹1,389ಕ್ಕೆ ಏರಿತು. ಆ ವರ್ಷದ ಲೆಕ್ಕಪತ್ರದಲ್ಲಿ ಗೇಮ್ ಪಾಸ್‌ನ ವಾರ್ಷಿಕ ಆದಾಯ 500 ಕೋಟಿ ಡಾಲರ್‌ನ ಹತ್ತಿರ ಎಂದು ಕಂಪನಿ ಹೇಳಿತ್ತು. ಆದರೆ ಚಂದಾದಾರರ ಸಂಖ್ಯೆ 2022ರ ಜನವರಿಯ 2.5 ಕೋಟಿಯಿಂದ 2024ರ ಫೆಬ್ರುವರಿಗೆ 3.4 ಕೋಟಿಗೆ ಮಾತ್ರ ಹೋಗಿತ್ತು. ಅದರಲ್ಲೂ ಎಕ್ಸ್‌ಬಾಕ್ಸ್‌ನ ಹಳೆಯ ಆನ್‌ಲೈನ್ ಆಟದ ಚಂದಾ ಲೈವ್ ಗೋಲ್ಡ್‌ನವರನ್ನು ಒಳಗೆ ಸೇರಿಸಿದ್ದರು. ಹೊಸಬರು ಬರುವುದು ನಿಧಾನವಾದಾಗ ಇದ್ದವರಿಂದಲೇ ಹೆಚ್ಚು ವಸೂಲಿ ಮಾಡಬೇಕಾಗುತ್ತದೆ.

2025ರ ಅಕ್ಟೋಬರ್‌ನ ಆ ದರ ₹1,389ನ್ನು 12ರಿಂದ ಗುಣಿಸಿದರೆ ₹16,668. ವರ್ಷಕ್ಕೆ ₹4,000ದ ಮೂರು ಗೇಮ್ ಆಡುವವರು ಕೊಳ್ಳುವುದೇ ಮೇಲು. ಡಿಸ್ಕ್ ಆದರೆ ಆಡಿ ಮುಗಿಸಿ ಅಂಗಡಿಯಲ್ಲಿ ಬದಲಿ ಮಾಡಿಕೊಳ್ಳಲೂಬಹುದು. ತಿಂಗಳಿಗೆ ಎರಡು ಹೊಸ ಗೇಮ್ ರುಚಿ ನೋಡುವವರಿಗೆ ಚಂದಾ ಅಗ್ಗ. ದೀಪಾವಳಿ ರಜೆಯಲ್ಲಿ ಒಂದು ತಿಂಗಳು ಹಾಕಿ ನಿಲ್ಲಿಸುವುದು ಎಲ್ಲಕ್ಕಿಂತ ಜಾಣತನ. ಮೊಬೈಲ್‌ನಲ್ಲಿ ಆಡುವವರಿಗೆ ಪ್ಲೇ ಪಾಸ್ ಇದೆ, 2022ರಲ್ಲಿ ಇಲ್ಲಿಗೆ ಬಂದಾಗ ತಿಂಗಳಿಗೆ ₹99 ಇತ್ತು.

ನೆಟ್‌ನ ಲೆಕ್ಕವನ್ನೂ ಮರೆಯಬೇಡಿ. 100 ಜಿಬಿ ಗೇಮ್ 40 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಐದೂವರೆ ತಾಸು. ನಡುವೆ ಕರೆಂಟು ಹೋಗಿ ರೌಟರ್ ಆರಿದರೆ ಇನ್ನೂ ಹೆಚ್ಚು. ಚಂದಾ ಇದ್ದವರು ಹತ್ತು ಗೇಮ್ ಇಳಿಸಿ ಒಂಬತ್ತು ಅಳಿಸುತ್ತಾರೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಚಂದಾ ಹೊಂದುವುದಿಲ್ಲ.

ಚಂದಾ ನಿಲ್ಲಿಸಿದರೂ ಹಣ ಕಟ್ ಆಗುತ್ತಿದೆ, ಏನು ಮಾಡಬೇಕು?

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಎರಡು ಕಡೆ ನಿಲ್ಲಿಸಬೇಕು. ಮೊದಲು ಆ ಸೇವೆಯ ಖಾತೆಯಲ್ಲಿ ಚಂದಾ ವಿಭಾಗಕ್ಕೆ ಹೋಗಿ ರದ್ದುಮಾಡಿ. ಆಮೇಲೆ ನಿಮ್ಮ ಯುಪಿಐ ಆ್ಯಪ್‌ನ ಪ್ರೊಫೈಲ್‌ನಲ್ಲಿ ಆಟೋಪೇ ತೆರೆದು ಆ ಮ್ಯಾಂಡೇಟ್ (ತಾನಾಗಿ ಹಣ ಕಟ್ ಮಾಡಲು ಕೊಟ್ಟ ಒಪ್ಪಿಗೆ) ರದ್ದುಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಟ್ ಆಗುವ 24 ತಾಸು ಮುಂಚೆ ಸಂದೇಶ ಬರಬೇಕು. ₹15,000ದವರೆಗೆ ಪ್ರತಿಬಾರಿ ಓಟಿಪಿ ಕೇಳುವುದಿಲ್ಲ. ಹಾಗಾಗಿ ಆ ಸಂದೇಶವನ್ನು ಓದದೆ ಸರಿಸಿದವರಿಗೆ ಬ್ಯಾಂಕ್ ಬ್ಯಾಲೆನ್ಸ್ ನೋಡಿದಾಗಲೇ ಗೊತ್ತಾಗುವುದು.

ಗೇಮ್ ಪಟ್ಟಿಯಿಂದ ಹೋದರೆ ಸೇವ್ (ಆಡಿದಲ್ಲಿಯವರೆಗಿನ ದಾಖಲೆ), ಡಿಎಲ್‌ಸಿ (ಗೇಮಿಗೆ ಮೇಲಿಂದ ಕೊಳ್ಳುವ ಹೆಚ್ಚುವರಿ ಭಾಗ) ಗತಿ?

ಸೇವ್ ಸಾಮಾನ್ಯವಾಗಿ ಉಳಿಯುತ್ತದೆ, ಗೇಮ್ ಕೊಂಡರೆ ಅಲ್ಲಿಂದಲೇ ಮುಂದುವರಿಯಬಹುದು. ಹಣ ಕೊಟ್ಟು ಕೊಂಡ ಡಿಎಲ್‌ಸಿ ನಿಮ್ಮದೇ, ಆದರೆ ಮೂಲ ಗೇಮ್ ಇಲ್ಲದೆ ಅದು ಗೋಡೆಯಿಲ್ಲದ ಬಾಗಿಲು. ಎಕ್ಸ್‌ಬಾಕ್ಸ್‌ನಲ್ಲಿ ಹೊರಹೋಗುವ ಪಟ್ಟಿ ಸುಮಾರು ಎರಡು ವಾರ ಮುಂಚೆ ಕಾಣುತ್ತದೆ, ಚಂದಾದಾರರಿಗೆ ರಿಯಾಯಿತಿಯೂ ಸಿಗುತ್ತದೆ. ಡೆವಲಪರ್‌ಗಳಿಗೆ ಮಾರಾಟದ ಒಳ್ಳೆಯ ವಾರ ಅದು: ಅರ್ಧ ಆಡಿದವರು ಮುಗಿಸಲು ಕೊಳ್ಳುತ್ತಾರೆ. ಆ ವಾರಕ್ಕೆ ಒಂದು ಅಪ್‌ಡೇಟ್ ತಯಾರಿಟ್ಟುಕೊಳ್ಳಿ.

ಒಂದ ಅಕೌಂಟ್ ತಗೊಂಡು ಪಾರ್ಲರಿನ ಎಂಟೂ ಪಿಸಿಗೆ ಹಾಕಬಹುದಾ?

ಆಗದು. ಈ ಚಂದಾಗಳು ಸ್ವಂತ ಬಳಕೆಗೆ ಮಾತ್ರ, ತಾಸಿಗೆ ಹಣ ಪಡೆದು ಆಡಿಸುವುದು ಷರತ್ತಿಗೆ ವಿರುದ್ಧ. ಒಂದೇ ಖಾತೆ ಎರಡು ಕಡೆ ತೆರೆದಾಗ ಮೊದಲಿನದು ಹೊರಬೀಳುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾನೆ. ಖಾತೆಯೇ ನಿಂತರೆ ಅದರಲ್ಲಿ ಕೊಂಡ ಗೇಮ್‌ಗಳೂ ಹೋದಂತೆ. ಪಾರ್ಲರ್‌ಗೆಂದೇ ಸ್ಟೀಮ್‌ನ ಪಿಸಿ ಕೆಫೆ ಯೋಜನೆ ಇದೆ. ಅದಾಗದಿದ್ದರೆ ಗಿರಾಕಿಗಳೇ ತಮ್ಮ ಖಾತೆ ತೆರೆದು ಆಡಲಿ, ಹೋಗುವಾಗ ಲಾಗೌಟ್ ಮಾಡಿಸಿ. ಟೆಲಿಗ್ರಾಂನಲ್ಲಿ ₹200ಕ್ಕೆ ವರ್ಷದ ಚಂದಾ ಎಂದು ಮಾರುವವರ ಖಾತೆ ಬಹುಪಾಲು ಕದ್ದ ಕಾರ್ಡಿನಿಂದ ತೆಗೆದದ್ದು, ಒಂದೆರಡು ತಿಂಗಳಲ್ಲಿ ಸತ್ತುಹೋಗುತ್ತದೆ. ಮಾರಿದವನ ನಂಬರೂ ಅಷ್ಟೊತ್ತಿಗೆ ಸಿಗುವುದಿಲ್ಲ.

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಚಂದಾವನ್ನೂ ನಿಷೇಧಿಸಿದೆಯೇ?

ಇಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆ ಕಾಯ್ದೆ ತಡೆದದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಆಡಲು ಚಂದಾ ಅಥವಾ ಒಂದು ಸಲದ ಶುಲ್ಕ ಪಡೆಯುವುದಕ್ಕೆ ಅಡ್ಡಿಯಿಲ್ಲ, ಅದು ಪಣವಾಗಿರಬಾರದು ಅಷ್ಟೇ.

ನಮ್ಮೂರಿನಿಂದ ಚಂದಾದವರನ್ನು ಮುಟ್ಟುವುದು ಹೇಗೆ?

ಎಕ್ಸ್‌ಬಾಕ್ಸ್‌ಗೆ ಸ್ವತಂತ್ರ ತಂಡಗಳಿಗಿರುವ ಐಡಿ ಅಟ್ ಎಕ್ಸ್‌ಬಾಕ್ಸ್ (ID@Xbox) ಯೋಜನೆಯ ಮೂಲಕ ಅರ್ಜಿ ಹಾಕಬಹುದು. ಪ್ಲೇಸ್ಟೇಷನ್‌ಗೆ ಪಾರ್ಟ್ನರ್ ನೋಂದಣಿ ಇದೆ, ಭಾರತದ ತಂಡಗಳಿಗೆಂದೇ 2023ರಲ್ಲಿ ಘೋಷಿಸಿದ ಇಂಡಿಯಾ ಹೀರೋ ಪ್ರಾಜೆಕ್ಟ್ ಕೂಡ ಇದೆ. ರಾಜ್ಯದ 2024-29ರ ಎವಿಜಿಸಿ-ಎಕ್ಸ್‌ಆರ್ (ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಮೊದಲಾದವುಗಳ) ನೀತಿಯನ್ನೂ, ಬೆಂಗಳೂರಿನಾಚೆ ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕ್ಲಸ್ಟರ್‌ಗಿರುವ ಯೋಜನೆಗಳನ್ನೂ ಓದಿ ನೋಡಿ. ಅಲ್ಲಿ ಸಿಗುವ ನೆರವು ಚಂದಾದವರ ಮುಂದೆ ನಿಮ್ಮ ತಳದ ಮೊತ್ತವನ್ನು ಗಟ್ಟಿ ಮಾಡುತ್ತದೆ, ಹಸಿದು ಒಪ್ಪಬೇಕಾಗುವುದಿಲ್ಲ.

ಕಳಿಸಬೇಕಾದದ್ದು ಇಷ್ಟು: ಆಡಲು ಬರುವ 20 ನಿಮಿಷದ ಬಿಲ್ಡ್, ಅದರ 90 ಸೆಕೆಂಡಿನ ವಿಡಿಯೋ, ಹತ್ತು ಪುಟಕ್ಕೆ ಮೀರದ ಪರಿಚಯ, ಬಿಡುಗಡೆಯ ತಿಂಗಳು, ಉಳಿದ ಖರ್ಚು, ಈವರೆಗಿನ ವಿಶ್‌ಲಿಸ್ಟ್ ಸಂಖ್ಯೆ. ಬಿಲ್ಡ್‌ನ ಮೊದಲ ಐದು ನಿಮಿಷದಲ್ಲಿ ಲೋಗೋ, ಕಟ್‌ಸೀನ್, ಅಕೌಂಟ್ ತೆರೆಯುವ ಪರದೆ ಯಾವುದೂ ಬೇಡ. ನೋಡುವವರು ದಿನಕ್ಕೆ ಹತ್ತಾರು ಬಿಲ್ಡ್ ತೆರೆಯುತ್ತಾರೆ. ಕಳಿಸುವ ಮುಂಚೆ ಹೊಸ ಪಿಸಿಯೊಂದರಲ್ಲಿ, ನಿಮ್ಮ ಯಾವ ಸಾಫ್ಟ್‌ವೇರೂ ಇಲ್ಲದ ಕಡೆ, ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ನಿಮ್ಮ ಪಿಸಿಯಲ್ಲಿದ್ದ ಒಂದು ಡಿಎಲ್‌ಎಲ್ (ಗೇಮ್ ಓಡಲು ಬೇಕಾದ ಸಹಾಯಕ ಫೈಲ್) ಅಲ್ಲಿ ಇಲ್ಲದಿದ್ದರೆ ಗೇಮ್ ತೆರೆಯುವುದೇ ಇಲ್ಲ.